ಕಟ್ಟುವ ತಾಯತ, ತೊಡುವ ಒಡವೆ: ಅದೃಷ್ಟದ ಆಭರಣಗಳ ಸಂಗ್ರಹ ಮತ್ತು ಎರಡು ಗ್ರಂಥಗಳ ಮರುಓದು

ಹಳೆಯ ಆಭರಣಗಳನ್ನು ಸಂಗ್ರಹಿಸುವವರ ಲೋಕದಲ್ಲಿ ‘ಲಕ್ಕಿ ಚಾರ್ಮ್’ ಎಂಬುದು ಒಂದು ಪ್ರತ್ಯೇಕ ವರ್ಗ. ವಿಕ್ಟೋರಿಯಾ ರಾಣಿಯ ಕಾಲದ ಕುದುರೆಲಾಳದ ಬ್ರೂಚು, ನೇಪಲ್ಸಿನ ಹವಳದ ಕೊಂಬು, ಮೊದಲ ಮಹಾಯುದ್ಧದ ಸೈನಿಕರಿಗೆ ಮನೆಯವರು ಕಳುಹಿಸಿಕೊಡುತ್ತಿದ್ದ ಮರದ ತಲೆಯ ಪುಟ್ಟ ಲೋಹದ ಗೊಂಬೆ, ನಾಲ್ಕೆಲೆಯ ಹುಲ್ಲನ್ನು ಗಾಜಿನೊಳಗೆ ಅಡಗಿಸಿಟ್ಟ ಪದಕ, ಇವೆಲ್ಲ ಈ ವರ್ಗಕ್ಕೆ ಸೇರುತ್ತವೆ. ಭಾರತದ ಹಳೆಯ ಬೆಳ್ಳಿಯೂ ಇದೇ ಸಾಲಿನಲ್ಲಿ ಮಾರಾಟವಾಗುತ್ತದೆ. ಕೊಳವೆಯಾಕಾರದ ತಾಯತ, ಬೆಳ್ಳಿಯ ಕಟ್ಟು ಹಾಕಿದ ಹುಲಿಯುಗುರು, ದೇವರ ಮುಖ ಮೂಡಿಸಿದ ತಗಡು, ಇಷ್ಟಲಿಂಗದ ಕರಡಿಗೆ ಎಲ್ಲವೂ ಒಂದೇ ತಟ್ಟೆಯಲ್ಲಿ ಕಾಣಿಸಿಕೊಳ್ಳುತ್ತವೆ. ಇವು ಒಂದೇ ಜಾತಿಯ ವಸ್ತುಗಳಲ್ಲ. ಇವನ್ನು ಒಟ್ಟಿಗೆ ಕೂರಿಸಿರುವುದು ಅವುಗಳ ಬಳಕೆಯಲ್ಲ, ಸಂಗ್ರಹದ ಭಾಷೆ. ಆ ಭಾಷೆಯ ಸ್ವರೂಪವೇನು, ಅದು ಏನನ್ನು ಉಳಿಸಿ ಏನನ್ನು ಬಿಟ್ಟುಕೊಡುತ್ತದೆ ಎಂಬ ಪ್ರಶ್ನೆಯನ್ನು ಇಪ್ಪತ್ತನೆಯ ಶತಮಾನದ ಮೊದಲ ಕಾಲುಭಾಗದಲ್ಲಿ ಪ್ರಕಟವಾದ ಎರಡು ಗ್ರಂಥಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅವು ಎಡ್ಗರ್ ಥರ್ಸ್ಟನ್ನನ ‘ಓಮೆನ್ಸ್ ಅಂಡ್ ಸೂಪರ್‌ಸ್ಟಿಷನ್ಸ್ ಆಫ್ ಸದರ್ನ್ ಇಂಡಿಯಾ’ (1912) ಮತ್ತು ಎಡ್ವರ್ಡ್ ಲವೆಟ್ಟನ ‘ಮ್ಯಾಜಿಕ್ ಇನ್ ಮಾಡರ್ನ್ ಲಂಡನ್’ (1925).

ಪದಗಳ ಸಾಕ್ಷ್ಯ

ವಸ್ತುಗಳಿಗಿಂತ ಮೊದಲು ಪದಗಳನ್ನು ವಿಚಾರಿಸುವುದು ಉಚಿತ. ಇಂಗ್ಲಿಷಿನ ‘ಚಾರ್ಮ್’ ಎಂಬ ಪದ ಫ್ರೆಂಚಿನ ಮಾರ್ಗವಾಗಿ ಬಂದದ್ದು. ಅದರ ಮೂಲ ಲ್ಯಾಟಿನ್ನಿನ ‘ಕಾರ್ಮೆನ್’. ಕಾರ್ಮೆನ್ ಎಂದರೆ ಹಾಡು, ಪದ್ಯ, ಮಂತ್ರೋಚ್ಚಾರ. ಮೊದಲಿಗೆ ಚಾರ್ಮ್ ಎಂದರೆ ಬಾಯಲ್ಲಿ ಹೇಳುವ ಮಾತಾಗಿತ್ತು. ಅನಂತರ ಆ ಮಾತನ್ನು ಹೊತ್ತ ವಸ್ತುವಿಗೆ ಆ ಹೆಸರು ಅಂಟಿತು. ಕೊನೆಗೆ ಕೈಬಳೆಯಿಂದ ತೂಗುವ ಯಾವುದೇ ಪುಟ್ಟ ಲೋಹದ ತುಣುಕಿಗೂ ಅದೇ ಹೆಸರಾಯಿತು. ಪದ ಉಳಿಯಿತು, ಹಾಡು ಹೋಯಿತು. ಅದೃಷ್ಟದ ಒಡವೆಗಳ ಸಂಗ್ರಹದ ಇತಿಹಾಸವೆಲ್ಲ ಈ ಒಂದು ಪದದ ಅರ್ಥಪಲ್ಲಟದಲ್ಲಿ ಅಡಕವಾಗಿದೆ.

ಕನ್ನಡದಲ್ಲಿ ‘ಗುಡ್ ಲಕ್ ಚಾರ್ಮ್’ ಎಂಬುದನ್ನು ‘ಅದೃಷ್ಟದ ಒಡವೆ’ ಎಂದು ಅನುವಾದಿಸುವುದು ವಾಡಿಕೆ. ಈ ಅನುವಾದ ಸುಲಭವಾಗಿದೆ, ಆದರೆ ದಾರಿ ತಪ್ಪಿಸುವಂಥದು. ‘ಅದೃಷ್ಟ’ ಮತ್ತು ‘ದೃಷ್ಟಿ’ ಎರಡೂ ಒಂದೇ ಧಾತುವಿನಿಂದ ಹುಟ್ಟಿದ ಪದಗಳು. ಅದೃಷ್ಟವೆಂದರೆ ಕಾಣದ್ದು, ಮೀಮಾಂಸೆಯಲ್ಲಿ ಕರ್ಮದ ಕಣ್ಣಿಗೆ ಬೀಳದ ಫಲ. ದೃಷ್ಟಿಯೆಂದರೆ ನೋಟ, ಮನೆಮಾತಿನಲ್ಲಿ ತಗಲುವ ನೋಟ. ಕನ್ನಡದ ಮನೆಗಳಲ್ಲಿ ಮಗುವಿನ ಕೈಗೆ ಕಪ್ಪು ಮಣಿ ಕಟ್ಟುವುದು, ಕೆನ್ನೆಗೆ ದೃಷ್ಟಿಬೊಟ್ಟಿಡುವುದು, ಉಡಿದಾರಕ್ಕೆ ತಾಯತ ಪೋಣಿಸುವುದು ಅದೃಷ್ಟವನ್ನು ಬರಮಾಡಿಕೊಳ್ಳುವುದಕ್ಕಲ್ಲ, ದೃಷ್ಟಿಯನ್ನು ತಡೆಯುವುದಕ್ಕೆ. ಒಂದು ಬಯಕೆಯ ವಸ್ತು, ಇನ್ನೊಂದು ಭಯದ ವಸ್ತು. ಹಸುಗೂಸುಗಳು ಕಣ್ಣೆದುರಿಗೇ ತೀರಿಹೋಗುತ್ತಿದ್ದ ಕಾಲದಲ್ಲಿ ತಾಯಂದಿರು ಕಟ್ಟಿದ ರಕ್ಷೆಯನ್ನು ‘ಅದೃಷ್ಟದ ಒಡವೆ’ ಎಂದು ಕರೆದಾಗ ಆ ಭಯವೇ ಅದರಿಂದ ಬಿಟ್ಟುಹೋಗುತ್ತದೆ.

ಇನ್ನೂ ಮುಖ್ಯವಾದ ಸಾಕ್ಷ್ಯ ಕ್ರಿಯಾಪದದಲ್ಲಿದೆ. ಓಲೆಯನ್ನು ಇಟ್ಟುಕೊಳ್ಳುತ್ತಾರೆ, ಸರವನ್ನು ಹಾಕಿಕೊಳ್ಳುತ್ತಾರೆ, ಬಳೆಯನ್ನು ತೊಡುತ್ತಾರೆ. ತಾಯತವನ್ನು ಮಾತ್ರ ಕಟ್ಟುತ್ತಾರೆ, ಹೆಚ್ಚಾಗಿ ಕಟ್ಟಿಸಿಕೊಳ್ಳುತ್ತಾರೆ. ಗಡಿಯಾಚೆಯ ಭಾಷೆಗಳೂ ಇದೇ ಮಾತನ್ನು ಹೇಳುತ್ತವೆ. ತಮಿಳಿನ ತಾಯತ್ತು, ತೆಲುಗಿನ ತಾಯೆತ್ತು, ಮರಾಠಿಯ ತಾಈತ, ಮಲಯಾಳದ ಏಲಸ್ಸ್ ಇವೆಲ್ಲಕ್ಕೂ ಆಯಾ ಭಾಷೆಯ ‘ಕಟ್ಟು’ ಎಂಬರ್ಥದ ಕ್ರಿಯಾಪದವೇ ಸೇರುತ್ತದೆ. ತೊಡುವುದಕ್ಕೆ ಒಬ್ಬರು ಸಾಕು. ಕಟ್ಟುವುದಕ್ಕೆ ಸಾಮಾನ್ಯವಾಗಿ ಇಬ್ಬರು ಬೇಕು. ಕಟ್ಟುವ ಮೊದಲು ಅದನ್ನು ‘ಮಂತ್ರಿಸಿ’ ಕೊಡುವ ಮೂರನೆಯವರೊಬ್ಬರೂ ಇರುತ್ತಾರೆ. ಹೀಗೆ ತಾಯತ ಎಂಬ ನಾಮಪದದ ಹಿಂದೆ ಮಂತ್ರಿಸು, ಕಟ್ಟು, ಹರಕೆ ಹೊರು, ಬಿಚ್ಚು, ಹೊಳೆಗೆ ಬಿಡು ಎಂಬ ಕ್ರಿಯಾಪದಗಳ ಸರಣಿಯೇ ಇದೆ. ಮರಾಠಿಯಲ್ಲಿ ಬಹಳ ಪ್ರೀತಿಪಾತ್ರರಾದವರನ್ನು ‘ಕೊರಳಿನ ತಾಈತ’ ಎಂದು ಕರೆಯುವ ನುಡಿಗಟ್ಟಿದೆ. ಆ ವಸ್ತು ಮೊದಲಿಗೆ ಒಂದು ಸಂಬಂಧದ ಹೆಸರು ಎಂಬುದನ್ನು ಆ ನುಡಿಗಟ್ಟು ಇಂದಿಗೂ ನೆನಪಿಟ್ಟುಕೊಂಡಿದೆ.

ಸಂಗ್ರಹವು ನಾಮಪದವನ್ನು ಉಳಿಸಿಕೊಂಡು ಕ್ರಿಯಾಪದವನ್ನು ಬಿಟ್ಟುಕೊಡುತ್ತದೆ. ಇಂಥ ವಸ್ತುಗಳ ಬಗೆಗಿನ ಬರವಣಿಗೆಯನ್ನು ಅಳೆಯಬೇಕಾದದ್ದು ಅದು ಎಷ್ಟು ವಸ್ತುಗಳನ್ನು ಪಟ್ಟಿಮಾಡಿತು ಎಂಬುದರಿಂದಲ್ಲ, ಎಷ್ಟು ಕ್ರಿಯಾಪದಗಳನ್ನು ಉಳಿಸಿಕೊಂಡಿತು ಎಂಬುದರಿಂದ. ಮೇಲಿನ ಎರಡು ಗ್ರಂಥಗಳನ್ನು ಈ ಅಳತೆಗೋಲಿನಿಂದ ಓದಿದಾಗ ಅವುಗಳ ಖ್ಯಾತಿಯ ಕ್ರಮ ತಿರುವುಮುರುವಾಗುತ್ತದೆ.

ಥರ್ಸ್ಟನ್: ಪ್ರಾಂತ್ಯದ ಪಟ್ಟಿ

ಎಡ್ಗರ್ ಥರ್ಸ್ಟನ್ 1885ರಿಂದ 1908ರವರೆಗೆ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದವನು. ಕೆ. ರಂಗಾಚಾರಿಯವರ ನೆರವಿನಿಂದ 1909ರಲ್ಲಿ ಅವನು ಹೊರತಂದ ‘ಕಾಸ್ಟ್ಸ್ ಅಂಡ್ ಟ್ರೈಬ್ಸ್ ಆಫ್ ಸದರ್ನ್ ಇಂಡಿಯಾ’ದ ಏಳು ಸಂಪುಟಗಳು ಇಂದಿಗೂ ಉಲ್ಲೇಖಗೊಳ್ಳುತ್ತಿವೆ. ಮೂರು ವರ್ಷಗಳ ನಂತರ ಬಂದ ‘ಓಮೆನ್ಸ್’ ಗಾತ್ರದಲ್ಲಿ ಚಿಕ್ಕದು, ವಿಷಯದಲ್ಲಿ ವಿಶಾಲವಾದುದು. ಶಕುನ, ಪ್ರಾಣಿಗಳ ಕುರಿತ ನಂಬಿಕೆ, ಕೆಟ್ಟ ಕಣ್ಣು, ನಾಗಾರಾಧನೆ, ಹರಕೆ, ರಕ್ಷೆ, ಮಾಟ, ಕಣಿ, ಮಳೆ ಬರಿಸುವ ಆಚರಣೆ ಹೀಗೆ ಅಧ್ಯಾಯಗಳು ಸಾಗುತ್ತವೆ. ಮದರಾಸು ಪ್ರಾಂತ್ಯದ ಜೊತೆಗೆ ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳೂ ಅದರ ವ್ಯಾಪ್ತಿಗೆ ಬರುತ್ತವೆ.

ಹೊರನಾಡ ಕನ್ನಡದ ಅಧ್ಯಯನಕ್ಕೆ ಈ ಗ್ರಂಥ ಮುಖ್ಯವಾಗುವುದಕ್ಕೆ ಆಡಳಿತದ ಕಾರಣವೊಂದಿದೆ. ಅಂದು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆದವಾನಿ, ರಾಯದುರ್ಗಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು. ಮಡಕಶಿರ ಅನಂತಪುರಕ್ಕೂ ಹೊಸೂರು ಸೇಲಂಗೂ ವಯನಾಡು ಮಲಬಾರಿಗೂ ಸೇರಿದ್ದವು. ನೀಲಗಿರಿಯೂ ಅದೇ ಪ್ರಾಂತ್ಯದ ಒಂದು ಜಿಲ್ಲೆ. 1953 ಮತ್ತು 1956ರ ಗಡಿಗಳು ಬೇರೆ ಬೇರೆ ರಾಜ್ಯಗಳಿಗೆ ಹಂಚಿದ ಕನ್ನಡದ ನೆಲಗಳಲ್ಲಿ ಸೊಲ್ಲಾಪುರದ ಕಡೆಯವನ್ನೂ ಹೈದರಾಬಾದು ಸಂಸ್ಥಾನದವನ್ನೂ ಗೋವೆಯನ್ನೂ ಬಿಟ್ಟು ಉಳಿದವುಗಳಲ್ಲಿ ಹೆಚ್ಚಿನವನ್ನು ಥರ್ಸ್ಟನ್ ಒಂದೇ ಆಡಳಿತದ ಕಣ್ಣಿನಿಂದ ನೋಡಿದ್ದಾನೆ. ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳ ಹೆಸರು ಅವನ ಪುಟಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಗಡಿನಾಡಿನ ಸಂಶೋಧಕರು ಈ ಗ್ರಂಥವನ್ನು ಆಕರವಾಗಿ ಎತ್ತಿಕೊಳ್ಳುವುದು ಸಹಜವೇ ಆಗಿದೆ. ಆ ಕಾರಣದಿಂದಲೇ ಅದರ ಬರವಣಿಗೆಯ ಕ್ರಮವನ್ನು ವಿಮರ್ಶಿಸುವ ಅಗತ್ಯ ಹೆಚ್ಚು.

ಥರ್ಸ್ಟನ್ನನ ಗದ್ಯ ಜೋಡಣೆಯ ಗದ್ಯ. ಒಂದು ಜಿಲ್ಲೆಯ ಒಂದು ಜಾತಿಯವರಲ್ಲಿ ಇಂಥದೊಂದು ರೂಢಿ; ಅದರ ಪಕ್ಕದಲ್ಲಿ ಇನ್ನೊಂದು ಜಿಲ್ಲೆಯ ಇನ್ನೊಂದು ಜಾತಿಯವರ ರೂಢಿ; ಮುಂದಿನ ವಾಕ್ಯದಲ್ಲಿ ಮೂರನೆಯದು. ಎಫ್. ಫಾಸೆಟ್, ಎಲ್. ಕೆ. ಅನಂತಕೃಷ್ಣ ಅಯ್ಯರ್ ಮೊದಲಾದವರ ಬರಹಗಳಿಂದಲೂ ಪಾದ್ರಿಗಳು, ಅಧಿಕಾರಿಗಳು ಕೊಟ್ಟ ವರದಿಗಳಿಂದಲೂ ಆಯ್ದ ಸಂಗತಿಗಳು ಹೀಗೆ ಸಾಲುಗಟ್ಟುತ್ತವೆ. ಅಧ್ಯಾಯದ ಶೀರ್ಷಿಕೆಯೊಂದನ್ನು ಬಿಟ್ಟರೆ ಇವನ್ನು ಕೂಡಿಸುವ ಸೂತ್ರ ಬೇರೆ ಕಾಣುವುದಿಲ್ಲ. ವಸ್ತುಸಂಗ್ರಹಾಲಯದ ಗಾಜಿನ ಕಪಾಟು ಇಲ್ಲಿ ವಾಕ್ಯರಚನೆಯ ಮಾದರಿಯಾಗಿದೆ. ಒಂದರ ಪಕ್ಕ ಒಂದನ್ನಿಟ್ಟು ಚೀಟಿ ಅಂಟಿಸಿದರೆ ಕೆಲಸ ಮುಗಿಯುತ್ತದೆ.

ಈ ಕ್ರಮದ ಮುಖ್ಯ ಪರಿಣಾಮ ಕರ್ತೃವಿನ ಕಣ್ಮರೆ. ರಕ್ಷೆಗಳನ್ನು ಕುರಿತ ವಾಕ್ಯಗಳು ಬಹುಮಟ್ಟಿಗೆ ಕರ್ಮಣಿಯಲ್ಲಿವೆ: ತಗಡಿನ ಮೇಲೆ ಅಕ್ಷರಗಳು ಕೆತ್ತಲ್ಪಡುತ್ತವೆ, ಕೊಳವೆಯೊಳಗೆ ಇಡಲ್ಪಡುತ್ತವೆ, ಕೊರಳಲ್ಲಿ ಧರಿಸಲ್ಪಡುತ್ತವೆ. ಕೆತ್ತಿದವರು ಯಾರು, ಕಟ್ಟಿದವರು ಯಾರು, ಯಾವ ಮಾತಿನಲ್ಲಿ ಏನು ಹೇಳಿ ಕಟ್ಟಿದರು ಎಂಬ ಪ್ರಶ್ನೆಗಳಿಗೆ ಜಾತಿಯ ಹೆಸರೊಂದೇ ಉತ್ತರ. ವ್ಯಕ್ತಿ ಇರಬೇಕಾದ ಜಾಗದಲ್ಲಿ ಸಮುದಾಯ ಬಂದು ಕೂರುತ್ತದೆ. ಭಾಷೆಯಂತೂ ಇನ್ನಷ್ಟು ತೆಳುವಾಗುತ್ತದೆ. ‘ಕ್ಯಾನರೀಸ್’ ಎಂಬುದು ಈ ಗದ್ಯದಲ್ಲಿ ಜನರಿಗೆ ಅಂಟುವ ವಿಶೇಷಣ. ಆ ಜನರ ಬಾಯಿಂದ ಬಂದ ಮಾತುಗಳು ಅಪರೂಪಕ್ಕೊಮ್ಮೆ, ಇಂಗ್ಲಿಷಿನ ವಿವರಣೆಗೆ ಒಗ್ಗರಣೆಯಂತೆ ಕಾಣಿಸಿಕೊಳ್ಳುತ್ತವೆ. ಕನ್ನಡ, ತುಳು, ತೆಲುಗು, ಬಡಗ ಮಾತುಗಳ ನಡುವೆ ದಿನನಿತ್ಯ ಓಡಾಡುತ್ತಿದ್ದ ಊರುಗಳ ಬಹುಭಾಷಿಕತೆ ಈ ಪುಟಗಳಲ್ಲಿ ತನ್ನ ಧ್ವನಿಯನ್ನು ಕಂಡುಕೊಳ್ಳುವುದೇ ಇಲ್ಲ.

ಥರ್ಸ್ಟನ್ನನಿಗೆ ಸಲ್ಲಬೇಕಾದ ಮನ್ನಣೆಯೂ ಇದೆ. ಅವನು ವಿವರಗಳನ್ನು ಸಿದ್ಧಾಂತಕ್ಕೆ ಬಲಿಗೊಡಲಿಲ್ಲ. ಫ್ರೇಜರನಂತೆ ಜಗತ್ತಿನ ಎಲ್ಲ ಮೂಲೆಗಳ ನಂಬಿಕೆಗಳನ್ನು ಒಂದೇ ವಿಕಾಸಕ್ರಮಕ್ಕೆ ಹೊಂದಿಸುವ ಹಂಬಲ ಅವನ ಬರವಣಿಗೆಯಲ್ಲಿ ಕಾಣುವುದಿಲ್ಲ. ಆದರೆ ಸಿದ್ಧಾಂತವನ್ನು ದೂರವಿಟ್ಟ ಮಾತ್ರಕ್ಕೆ ಮನುಷ್ಯರು ಹತ್ತಿರವಾಗಿಬಿಡುವುದಿಲ್ಲ. ಪಟ್ಟಿಯೂ ಒಂದು ಸಿದ್ಧಾಂತವೇ. ವಸ್ತುಗಳನ್ನು ಅವುಗಳ ಸಂದರ್ಭದಿಂದ ಬಿಡಿಸಿ ಪಕ್ಕಪಕ್ಕದಲ್ಲಿಡಬಹುದು, ಹಾಗಿಟ್ಟರೂ ಅವು ಅವೇ ಆಗಿ ಉಳಿಯುತ್ತವೆ ಎಂಬ ಸಿದ್ಧಾಂತ ಅದು.

ಲವೆಟ್: ಬೀದಿಯ ಮಾತು

ಲವೆಟ್ಟನ ಸಂದರ್ಭ ಇದಕ್ಕೆ ತೀರ ಭಿನ್ನ. ಎಡ್ವರ್ಡ್ ಲವೆಟ್ (1852–1933) ಲಂಡನ್ನಿನ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತಿದ್ದವನು, ಕ್ರಾಯ್ಡನ್ನಿನ ನಿವಾಸಿ, ಜಾನಪದ ಸೊಸೈಟಿಯ ಸದಸ್ಯ. ಅವನ ಸಂಗ್ರಹಕ್ಷೇತ್ರ ದೂರದ ವಸಾಹತಲ್ಲ, ತಾನು ದಿನವೂ ಕೆಲಸಕ್ಕೆ ಹೋಗುತ್ತಿದ್ದ ನಗರವೇ. ಬೀದಿ ವ್ಯಾಪಾರಿಗಳು, ಗಿಡಮೂಲಿಕೆಯ ಅಂಗಡಿಯವರು, ಬಂದರಿನ ಕೂಲಿಗಳು, ನಾವಿಕರು ಇವರಿಂದ ಅವನು ರಕ್ಷೆಗಳನ್ನು ಕೊಂಡು, ಬೇಡಿ, ಬದಲಿಗೆ ಏನನ್ನಾದರೂ ಕೊಟ್ಟು ಕೂಡಿಹಾಕಿದ. ಅವನು ಕೂಡಿಸಿದ್ದರಲ್ಲಿ ದೊಡ್ಡ ಭಾಗ ಔಷಧ ವ್ಯಾಪಾರದಿಂದ ಶ್ರೀಮಂತನಾದ ಹೆನ್ರಿ ವೆಲ್ಕಮ್ಮನ ಅಪಾರ ಸಂಗ್ರಹವನ್ನು ಸೇರಿತು.

ಲವೆಟ್ಟನ ಗ್ರಂಥದ ಶೀರ್ಷಿಕೆಯಲ್ಲಿರುವ ‘ಮಾಡರ್ನ್’ ಎಂಬ ಪದ ಗಮನಾರ್ಹವಾದುದು. ಮಾಂತ್ರಿಕತೆಯನ್ನು ವಸಾಹತುಗಳ ಸೊತ್ತೆಂದು ಬಗೆದಿದ್ದ ಕಾಲದಲ್ಲಿ ಅದನ್ನು ಸಾಮ್ರಾಜ್ಯದ ರಾಜಧಾನಿಯಲ್ಲಿ, ಬ್ಯಾಂಕು ರೈಲುಗಳ ನಡುವೆ ಕಾಣಿಸಿದ್ದು ಅವನ ಮೊದಲ ಸಾಧನೆ. ಎದೆಯ ಕಾಯಿಲೆ ಬರದಿರಲೆಂದು ಮಕ್ಕಳ ಕೊರಳಿಗೆ ನೀಲಿ ಗಾಜಿನ ಮಣಿಗಳ ಸರ ಕಟ್ಟುವ ರೂಢಿ ಲಂಡನ್ನಿನ ಬಡವರ ಕೇರಿಗಳಲ್ಲಿ ಎಷ್ಟು ವ್ಯಾಪಕವಾಗಿತ್ತೆಂಬುದನ್ನು ಅವನು ದಾಖಲಿಸಿದ. ಆ ಸರವನ್ನು ಬಟ್ಟೆಯ ಒಳಗೆ ಹಾಕಿಸುತ್ತಿದ್ದರು. ಹೊರಗಿನವರಿಗೆ ಕಾಣುವಂತೆ ತೊಡುವ ಸರ ಅದಲ್ಲ. ನೀಲಿ ಮಣಿ ಅಲ್ಲಿ ಒಡವೆಯ ರೂಪ ತಾಳಿದ ಔಷಧ.

ಹುಟ್ಟುವಾಗ ಕೆಲವು ಶಿಶುಗಳ ತಲೆಗೆ ಅಂಟಿಕೊಂಡು ಬರುವ ತೆಳುಪೊರೆಯ ಪ್ರಸಂಗ ಇನ್ನೂ ಮಹತ್ವದ್ದು. ಅದನ್ನು ಇಟ್ಟುಕೊಂಡವರು ನೀರಿನಲ್ಲಿ ಮುಳುಗಿ ಸಾಯುವುದಿಲ್ಲ ಎಂಬುದು ನಾವಿಕರ ನಂಬಿಕೆ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಜಲಾಂತರ್ಗಾಮಿಗಳ ಭೀತಿ ಹಬ್ಬಿದಂತೆ ಬಂದರಿನ ಅಂಗಡಿಗಳಲ್ಲಿ ಈ ಪೊರೆಯ ಬೆಲೆ ಏರಿದ್ದನ್ನು ಲವೆಟ್ ಗುರುತಿಸುತ್ತಾನೆ. ಅಂಗಡಿಯ ಬೆಲೆಯೇ ಇಲ್ಲಿ ಸಾಕ್ಷಿ. ನಂಬಿಕೆ ಎಂಬುದು ಪುರಾತನ ಕಾಲದಿಂದ ಬದಲಾಗದೆ ಹರಿದುಬಂದ ವಸ್ತುವಲ್ಲ. ಅದು ಅಪಾಯದ ಜೊತೆಗೆ ಏರುತ್ತದೆ, ಇಳಿಯುತ್ತದೆ ಎಂಬುದನ್ನು ಅದು ತೋರಿಸಿಕೊಡುತ್ತದೆ. ಇದನ್ನು ಬರೆಯಲು ಮಾರುವವರು, ಕೊಳ್ಳುವವರು, ಹಡಗು ಹತ್ತುವವರು ವಾಕ್ಯದಲ್ಲಿ ಇರಲೇಬೇಕು. ಅಂದರೆ ಕ್ರಿಯಾಪದಗಳು ಇರಲೇಬೇಕು.

ಲವೆಟ್ಟನ ಮಿತಿಗಳನ್ನು ಮರೆಯುವಂತಿಲ್ಲ. ಟೈಲರನ ‘ಪ್ರಿಮಿಟಿವ್ ಕಲ್ಚರ್’ (1871) ಬಳಕೆಗೆ ತಂದ ‘ಅವಶೇಷ’ದ ಪರಿಕಲ್ಪನೆ ಅವನ ಆಲೋಚನೆಗೂ ಚೌಕಟ್ಟಾಗಿದೆ. ತಾನು ಕಂಡ ಮಣಿ, ಮೂಳೆ, ತೂತುಗಲ್ಲುಗಳನ್ನು ಅಳಿದುಹೋದ ಯುಗದ ಉಳಿಕೆಗಳೆಂದು ವಿವರಿಸಲು ಅವನು ಹೊರಡುತ್ತಾನೆ. ಅವನ ಸಾಕ್ಷ್ಯವೇ ಅದನ್ನು ಅಲ್ಲಗಳೆಯುತ್ತದೆ. ಯುದ್ಧದ ವರ್ಷಗಳಲ್ಲಿ ಬೆಲೆ ಏರಿದ ವಸ್ತು ಗತಕಾಲದ ಉಳಿಕೆಯಾಗಲಾರದು. ಸಿದ್ಧಾಂತವೊಂದು, ಕಣ್ಣು ಕಂಡದ್ದು ಇನ್ನೊಂದು ಎಂಬ ಈ ಬಿರುಕೇ ಅವನ ಗ್ರಂಥವನ್ನು ಜೀವಂತವಾಗಿಟ್ಟಿದೆ. ವಿದ್ವತ್ತಿನ ಪ್ರಮಾಣದಲ್ಲಿ ಥರ್ಸ್ಟನ್ನನ ಏಳು ಸಂಪುಟಗಳ ಮುಂದೆ ಲವೆಟ್ಟನ ಚಿಕ್ಕ ಪುಸ್ತಕ ಹಗುರವೆನ್ನಿಸಬಹುದು. ತಾಯತ ಎಂಬುದನ್ನು ಅರಿಯುವ ಬಗೆಯಲ್ಲಿ ಮಾತ್ರ ಲವೆಟ್ಟನದೇ ತೂಕದ ಬರವಣಿಗೆ.

ಇದಕ್ಕೆ ಒಂದು ಸರಳ ಕಾರಣವಿದೆ: ಲವೆಟ್ಟನೂ ಅವನ ಮಾಹಿತಿದಾರರೂ ಒಂದೇ ಭಾಷೆಯವರು. ವರ್ಗದ ಅಂತರ ಇತ್ತು, ದುಭಾಷಿಯ ಅಂತರ ಇರಲಿಲ್ಲ. ಅಂಗಡಿಯವಳು ಹೇಳಿದ ಮಾತು ಅವನ ಕಿವಿಗೆ ನೇರವಾಗಿ ಬಿತ್ತು. ಥರ್ಸ್ಟನ್ನನನ್ನು ತಲುಪುವ ಹೊತ್ತಿಗೆ ಮಾತು ಎರಡು ಮೂರು ಭಾಷೆಗಳನ್ನು ದಾಟಿರುತ್ತಿತ್ತು. ಪ್ರತಿ ದಾಟುವಿಕೆಯಲ್ಲೂ ನಾಮಪದಗಳು ಉಳಿದವು, ಕ್ರಿಯಾಪದಗಳು ಉದುರಿದವು. ಎರಡು ಗ್ರಂಥಗಳ ನಡುವಿನ ವ್ಯತ್ಯಾಸವನ್ನು ಲೇಖಕರ ಸಹಾನುಭೂತಿಯ ಹೆಚ್ಚು ಕಡಿಮೆಯಿಂದ ವಿವರಿಸುವುದಕ್ಕಿಂತ ಅನುವಾದದ ಸರಪಣಿಯ ಉದ್ದದಿಂದ ವಿವರಿಸುವುದು ಹೆಚ್ಚು ನ್ಯಾಯ.

ಕರಡಿಗೆ ಮತ್ತು ತಾಯತ

ಅಮೆರಿಕದ ವಿಮರ್ಶಕಿ ಸೂಸನ್ ಸ್ಟೀವರ್ಟ್ ‘ಆನ್ ಲಾಂಗಿಂಗ್’ (1984) ಎಂಬ ಕೃತಿಯಲ್ಲಿ ನೆನಪಿನ ಕಾಣಿಕೆಗೂ ಸಂಗ್ರಹಕ್ಕೂ ಇರುವ ಭೇದವನ್ನು ಚರ್ಚಿಸುತ್ತಾಳೆ. ನೆನಪಿನ ಕಾಣಿಕೆ ತಾನು ಬಂದ ಜಾಗವನ್ನು ಕತೆಯ ಮೂಲಕ ಉಳಿಸಿಕೊಳ್ಳುತ್ತದೆ. ಸಂಗ್ರಹವಾದರೋ ಮೂಲವನ್ನು ಅಳಿಸಿ ಅದರ ಜಾಗದಲ್ಲಿ ವರ್ಗೀಕರಣವನ್ನು ನಿಲ್ಲಿಸುತ್ತದೆ. ಇದು ಎಷ್ಟರಮಟ್ಟಿಗೆ ನಿಜವೆಂಬುದಕ್ಕೆ ಇಷ್ಟಲಿಂಗದ ಕರಡಿಗೆಯ ಗತಿಯೇ ಉದಾಹರಣೆ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಪ್ರದೇಶಗಳ ಲಿಂಗಾಯತ ಮನೆತನಗಳಲ್ಲಿ ಬೆಳ್ಳಿಯ ಕರಡಿಗೆ ತಲೆಮಾರಿನಿಂದ ತಲೆಮಾರಿಗೆ ಸಾಗಿಬಂದ ವಸ್ತು. ಹಳೆಯ ಬೆಳ್ಳಿಯ ಮಾರುಕಟ್ಟೆಯಲ್ಲಿ ಅದು ‘ಅಮ್ಯುಲೆಟ್ ಬಾಕ್ಸ್’ ಎಂಬ ಹೆಸರಿನಿಂದ ಬಿಕರಿಯಾಗುವುದುಂಟು. ಎರಡೂ ಬೆಳ್ಳಿಯ ಪೆಟ್ಟಿಗೆಗಳು, ಎರಡೂ ಕೊರಳಲ್ಲಿ ತೂಗುವಂಥವು, ಎರಡರೊಳಗೂ ಪವಿತ್ರವಾದದ್ದೊಂದು ಇದೆ ಎಂಬುದು ಈ ಹೆಸರಿನ ತರ್ಕ. ಆಕಾರವನ್ನು ನೋಡಿ ಮಾಡಿದ ಈ ವರ್ಗೀಕರಣ ಅರ್ಥವನ್ನು ತಲೆಕೆಳಗು ಮಾಡುತ್ತದೆ. ತಾಯತ ಹೊರಗಿನ ಕೇಡಿನಿಂದ ಕಾಯುವ ವಸ್ತು. ಇಷ್ಟಲಿಂಗವಾದರೋ ಕಾಯುವ ಉಪಕರಣವಲ್ಲ, ಅಂಗೈಯಲ್ಲಿಟ್ಟು ಪೂಜಿಸುವ ದೈವ. ಶಕುನ ಮುಹೂರ್ತಗಳನ್ನೂ ಹಲವು ದೈವಗಳ ಭಯವನ್ನೂ ನಿರಾಕರಿಸಿದ ವಚನಪರಂಪರೆಯ ಕುರುಹನ್ನು ಆ ಪರಂಪರೆ ನಿರಾಕರಿಸಿದ ಭಯದ ವಸ್ತುಗಳ ಸಾಲಿನಲ್ಲಿ ಕೂರಿಸಿದಂತಾಗುತ್ತದೆ. ಇಲ್ಲಿಯೂ ಕ್ರಿಯಾಪದವೇ ಭೇದವನ್ನು ಹೇಳುತ್ತದೆ. ತಾಯತವನ್ನು ‘ಕಟ್ಟುತ್ತಾರೆ’, ಲಿಂಗವನ್ನು ‘ಧರಿಸುತ್ತಾರೆ’, ಲಿಂಗಧಾರಣೆ ದೀಕ್ಷೆಯ ಅಂಗ. ನಾಮಪದಗಳನ್ನು ಮಾತ್ರ ಬಲ್ಲ ಪಟ್ಟಿಗೆ ಈ ಅಂತರ ಕಾಣಿಸುವುದಿಲ್ಲ.

ಕರಡಿಗೆ ಎಂಬ ಪದ ಸಂಸ್ಕೃತದ ‘ಕರಂಡಕ’ಕ್ಕೆ ಸಂಬಂಧಿಸಿದ್ದು ಎಂಬುದು ಈ ಚರ್ಚೆಯನ್ನು ಕಾಳಿದಾಸನ ಬಳಿಗೆ ಕೊಂಡೊಯ್ಯುತ್ತದೆ. ‘ಅಭಿಜ್ಞಾನಶಾಕುಂತಲ’ದ ಏಳನೆಯ ಅಂಕದಲ್ಲಿ ಬಾಲಕ ಸರ್ವದಮನನ ಮಣಿಕಟ್ಟಿನಲ್ಲಿ ಒಂದು ‘ರಕ್ಷಾಕರಂಡಕ’ ಇರುತ್ತದೆ. ಸಿಂಹದ ಮರಿಯೊಡನೆ ಆಡುವಾಗ ಅದು ಕಳಚಿ ನೆಲಕ್ಕೆ ಬೀಳುತ್ತದೆ. ಅದರಲ್ಲಿರುವುದು ಮಾರೀಚ ಋಷಿ ಜಾತಕರ್ಮದ ಕಾಲದಲ್ಲಿ ಕೊಟ್ಟ ಅಪರಾಜಿತೆ ಎಂಬ ಮೂಲಿಕೆ. ತಾಯಿ, ತಂದೆ ಮತ್ತು ಆ ಮಗುವನ್ನು ಬಿಟ್ಟು ಬೇರೆ ಯಾರೂ ಅದನ್ನು ನೆಲದಿಂದ ಎತ್ತುವಂತಿಲ್ಲ. ಎತ್ತಿದರೆ ಅದು ಹಾವಾಗಿ ಕಚ್ಚುತ್ತದೆ. ದುಷ್ಯಂತ ಅದನ್ನು ಎತ್ತಿಕೊಳ್ಳುತ್ತಾನೆ, ಏನೂ ಆಗುವುದಿಲ್ಲ. ಅವನು ಯಾರೆಂಬುದು ತಾಪಸಿಯರಿಗೆ ಹೊಳೆಯುತ್ತದೆ.

ಈ ನಾಟಕದ ಚರ್ಚೆಯಲ್ಲಿ ಉಂಗುರಕ್ಕೆ ಸಂದ ಗಮನ ಈ ರಕ್ಷೆಗೆ ಸಂದಿಲ್ಲ. ಎರಡು ಆಭರಣಗಳನ್ನು ಎದುರುಬದುರು ಇಟ್ಟು ನೋಡಿದರೆ ಕಾಳಿದಾಸನ ವಿವೇಕ ಸ್ಪಷ್ಟವಾಗುತ್ತದೆ. ಉಂಗುರ ನೀರಿಗೆ ಬೀಳುತ್ತದೆ, ಮೀನಿನ ಹೊಟ್ಟೆ ಸೇರುತ್ತದೆ, ಬೆಸ್ತನ ಕೈಗೆ ಸಿಗುತ್ತದೆ, ರಾಜಭಟರ ಕೈದಾಟಿ ರಾಜನನ್ನು ತಲುಪುತ್ತದೆ. ಯಾರ ಕೈಯಲ್ಲಿದ್ದರೂ ಅದು ಉಂಗುರವೇ. ಅದರ ಮೇಲೆ ಕೆತ್ತಿದ ಹೆಸರನ್ನು ಯಾರು ಬೇಕಾದರೂ ಓದಬಹುದು. ರಕ್ಷೆ ಹಾಗಲ್ಲ. ಅದು ಯಾರು ಮುಟ್ಟಬೇಕೆಂಬುದನ್ನು ಬಲ್ಲ ವಸ್ತು. ಉಂಗುರ ಸಂಗ್ರಹಯೋಗ್ಯ, ರಕ್ಷೆ ಸಂಗ್ರಹವನ್ನು ಒಲ್ಲದ ಆಭರಣ. ಸಂಗ್ರಹಕಾರನೆಂದರೆ ಸಂಬಂಧವಿಲ್ಲದೆ ಎತ್ತಿಕೊಳ್ಳುವ ಕೈ ಎಂಬುದನ್ನು ನೆನೆದರೆ ಹಾವಾಗುವ ಕಲ್ಪನೆ ಬರಿಯ ಪವಾಡವಾಗಿ ಉಳಿಯುವುದಿಲ್ಲ.

ಗುಟ್ಟಿನ ತೊಡಕು

ಈ ವಾದಕ್ಕೆ ಎರಡು ಆಕ್ಷೇಪಗಳು ಸಹಜ. ಸಂಗ್ರಹಕಾರರು ಇಲ್ಲದಿದ್ದರೆ ಈ ವಸ್ತುಗಳೇ ಉಳಿಯುತ್ತಿರಲಿಲ್ಲ ಎಂಬುದು ಮೊದಲನೆಯದು. ಇದರಲ್ಲಿ ಸತ್ಯವಿದೆ. ಹಳೆಯ ಬೆಳ್ಳಿಯನ್ನು ಅಕ್ಕಸಾಲಿಗನಿಗೆ ತೂಕಕ್ಕೆ ಕೊಟ್ಟು ಹೊಸದನ್ನು ಮಾಡಿಸಿಕೊಳ್ಳುವ ರೂಢಿಯಲ್ಲಿ ಎಷ್ಟೋ ತಾಯತಗಳು ಕರಗಿಹೋಗಿವೆ. ಮಾತಿಲ್ಲದ ತಾಯತವಾದರೂ ಇರಲಿ, ತಾಯತವೇ ಇಲ್ಲದಿರುವುದಕ್ಕಿಂತ ಮೇಲು ಎನ್ನಬಹುದು. ಆದರೆ ತಾಯತವನ್ನು ಕರಗಿಸುವುದು, ಹೊಳೆಗೆ ಬಿಡುವುದು ಇವೂ ಅದರ ಬಾಳಿನ ಭಾಗಗಳೇ. ಕೆಲಸ ಮುಗಿದ ರಕ್ಷೆ ಉಳಿಯಲೇಬೇಕೆಂಬ ಹಟ ಅದನ್ನು ಕಟ್ಟಿದವರದಲ್ಲ. ನೂರು ವರ್ಷ ದಾಟಿದ ವಸ್ತುವನ್ನು ಪ್ರಾಚ್ಯವಸ್ತುವೆಂದು ಗಣಿಸುವ 1972ರ ಕಾಯಿದೆ ಅದರ ವಯಸ್ಸನ್ನು ಕೇಳುತ್ತದೆ. ಅದೇ ವರ್ಷದ ವನ್ಯಜೀವಿ ಸಂರಕ್ಷಣಾ ಕಾಯಿದೆ ಹುಲಿಯುಗುರು ಯಾವ ಪ್ರಾಣಿಯದೆಂದು ಕೇಳುತ್ತದೆ. 2023ರಲ್ಲಿ ಹುಲಿಯುಗುರಿನ ಪದಕಗಳ ಬಗ್ಗೆ ಕರ್ನಾಟಕದಲ್ಲಿ ಎದ್ದ ವಿವಾದದಲ್ಲಿ ಈ ಎರಡನೆಯ ಪ್ರಶ್ನೆಯೇ ಮುನ್ನೆಲೆಗೆ ಬಂತು, ಬರಬೇಕಾದದ್ದೇ. ಯಾರು ಯಾರಿಗೆ ಕಟ್ಟಿದ್ದು ಎಂದು ಕೇಳುವ ಕಾಯಿದೆ ಇಲ್ಲ. ಅದು ಕಾಯಿದೆಯ ಕೆಲಸವೂ ಅಲ್ಲ. ಅದು ವಿದ್ವತ್ತಿನ ಕೆಲಸ.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರ. ತಾಯತದೊಳಗಿನ ಮಂತ್ರ ಗುಟ್ಟಾಗಿರಬೇಕು ಎಂಬುದು ಆ ಆಚರಣೆಯ ನಿಯಮ. ಬಿಚ್ಚಿ ಓದಿದರೆ ಅದರ ಶಕ್ತಿ ಹೋಗುತ್ತದೆ ಎಂಬುದು ಕಟ್ಟಿದವರ ನಂಬಿಕೆ. ಹಾಗಿರುವಾಗ ಕಳೆದುಹೋದ ‘ಹಾಡ’ನ್ನು ದಾಖಲಿಸಿ ಎನ್ನುವುದು ಸಂಗ್ರಹಕಾರನ ಅತಿಕ್ರಮವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಂತಲ್ಲವೆ? ಟಂಬಯ್ಯ ‘ದ ಮ್ಯಾಜಿಕಲ್ ಪವರ್ ಆಫ್ ವರ್ಡ್ಸ್’ (1968) ಎಂಬ ಲೇಖನದಲ್ಲಿ ಆಚರಣೆಯಲ್ಲಿ ಮಾತು, ವಸ್ತು, ಕ್ರಿಯೆಗಳು ಒಂದಕ್ಕೊಂದು ಹೆಣೆದುಕೊಂಡೇ ಕೆಲಸ ಮಾಡುತ್ತವೆ ಎಂಬುದನ್ನು ತೋರಿಸಿದ್ದಾನೆ. ಆ ಹೆಣಿಗೆಯಲ್ಲಿ ಕೆಲವು ಮಾತುಗಳು ಕೇಳಿಸಿಕೊಳ್ಳಬೇಕಾದವು, ಕೆಲವು ಕೇಳಿಸಿಕೊಳ್ಳಬಾರದವು.

ಇಲ್ಲಿ ಲವೆಟ್ಟನ ಉದಾಹರಣೆ ನೆರವಿಗೆ ಬರುತ್ತದೆ. ಅವನ ಗ್ರಂಥದ ಸತ್ವ ಮಂತ್ರಗಳ ಪಾಠದಲ್ಲಿಲ್ಲ, ಮಂತ್ರದ ಸುತ್ತಲಿನ ಮಾತಿನಲ್ಲಿದೆ: ಯಾರಿಂದ ಕೊಂಡದ್ದು, ಏಕೆ ಕೊಂಡದ್ದು, ಬೆಲೆ ಏಕೆ ಏರಿತು ಎಂಬುದರಲ್ಲಿ. ದಾಖಲಾಗಬೇಕಾದದ್ದು ತಾಯತದ ಒಳಗಿನ ಬರಹವಲ್ಲ, ಹೊರಗಿನ ಮಾತು. ಆ ಮಾತನ್ನು ಹೇಳುವುದಕ್ಕೆ ಯಾರ ನಿಷೇಧವೂ ಇರುವುದಿಲ್ಲ. ಕೇಳುವವರಿಲ್ಲದೆ ಅದು ಉಳಿಯುವುದೂ ಇಲ್ಲ.

ಗಡಿನಾಡಿನ ಚೀಟಿ

ಈ ಚರ್ಚೆ ಗಡಿನಾಡುಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಕಾಸರಗೋಡಿನಂಥ ಊರಿನಲ್ಲಿ ಕನ್ನಡದ ಮನೆಯಲ್ಲಿ ತಾಯತವೆನಿಸಿಕೊಳ್ಳುವುದಕ್ಕೆ ಮಲಯಾಳದಲ್ಲಿ ಏಲಸ್ಸ್ ಎಂದು ಹೆಸರು. ಮಾಪಿಳ್ಳೆ ಮನೆಯ ರಕ್ಷೆಗೆ ಉರುಕ್ಕ್ ಎಂದು ಹೆಸರು. ಮಡಕಶಿರದಲ್ಲಿ ಅದೇ ವಸ್ತು ತಾಯತವೂ ಹೌದು, ತಾಯೆತ್ತೂ ಹೌದು. ಒಳಗಿನ ಬರಹದ ಲಿಪಿ ಒಂದು, ಬರೆದವರ ಮಾತು ಇನ್ನೊಂದು, ಕಟ್ಟಿಸಿಕೊಂಡವರ ಮನೆಮಾತು ಮತ್ತೊಂದು ಆಗಿರುವುದು ಇಂಥ ಊರುಗಳಲ್ಲಿ ಅಚ್ಚರಿಯಲ್ಲ. ಮನೆಮಾತು ಬೇರೆಯಾದರೂ ಮಗುವಿನ ಜ್ವರಕ್ಕೆ ಯಾರ ಬಾಗಿಲಿಗೆ ಹೋಗಬೇಕೆಂಬುದು ಜನರಿಗೆ ತಿಳಿದಿತ್ತು. ಭಾಷೆಗಳ ಸಹಬಾಳ್ವೆಗೆ ಜನಗಣತಿಯ ಕೋಷ್ಟಕಗಳು ಕೊಡಲಾರದ ಸಾಕ್ಷ್ಯ ಒಂದು ಉಡಿದಾರದಲ್ಲಿ ಇರಬಲ್ಲದು.

ಇಂಥ ತಾಯತವನ್ನು ‘ದಕ್ಷಿಣ ಭಾರತ, ಬೆಳ್ಳಿ, ರಕ್ಷಾಪದಕ’ ಎಂಬ ಮೂರು ಪದಗಳ ಚೀಟಿಯಡಿ ಇಟ್ಟಾಗ ಆಗುವ ನಷ್ಟ ಭಾವುಕತೆಯದಲ್ಲ, ಆಕರದ್ದು. ಅಲ್ಪಸಂಖ್ಯಾತ ಭಾಷೆಯೊಂದಕ್ಕೆ ಈ ನಷ್ಟ ಇಮ್ಮಡಿ. ಚೀಟಿಯಲ್ಲಿ ಬರೆಯುವ ಹೆಸರು ರಾಜ್ಯದ ಭಾಷೆಯದಾದರೆ ಮನೆಯೊಳಗಿನ ಹೆಸರು ಅಳಿಯುತ್ತದೆ. ಇಂಗ್ಲಿಷಿನದಾದರೆ ಎರಡೂ ಅಳಿಯುತ್ತವೆ. ಗಡಿನಾಡಿನಲ್ಲಿ ಹೊಸದಾಗಿ ವಸ್ತುಗಳನ್ನು ದಾಖಲಿಸುವವರು ಪ್ರತಿ ವಸ್ತುವಿಗೂ ಅದು ಕರೆಸಿಕೊಂಡ ಎಲ್ಲ ಹೆಸರುಗಳನ್ನೂ, ಪ್ರತಿ ಹೆಸರಿನ ಜೊತೆಗೆ ಬಳಕೆಯಾಗುವ ಕ್ರಿಯಾಪದವನ್ನೂ, ಯಾರು ಯಾವ ಭಾಷೆಯಲ್ಲಿ ಆ ಮಾತನ್ನು ಹೇಳಿದರೆಂಬುದನ್ನೂ ಬರೆದಿಡುವುದು ಅತಿ ದೊಡ್ಡ ಕೆಲಸವೇನಲ್ಲ. ಕಟ್ಟಿದ್ದೋ, ಧರಿಸಿದ್ದೋ, ತೊಟ್ಟದ್ದೋ ಎಂಬ ಒಂದು ಪದದ ವ್ಯತ್ಯಾಸ ಕರಡಿಗೆಯನ್ನು ತಾಯತವಾಗದಂತೆ ಕಾಪಾಡುತ್ತದೆ.

2011ರಲ್ಲಿ ಲಂಡನ್ನಿನ ವೆಲ್ಕಮ್ ಕಲೆಕ್ಷನ್ನಿನಲ್ಲಿ ಕಲಾವಿದೆ ಫೆಲಿಸಿಟಿ ಪೊವೆಲ್ ಲವೆಟ್ಟನ ಸಂಗ್ರಹದಿಂದ ಆಯ್ದ ರಕ್ಷೆಗಳ ಪ್ರದರ್ಶನವೊಂದನ್ನು ರೂಪಿಸಿದಳು. ‘ಚಾರ್ಮ್ಡ್ ಲೈಫ್’ ಎಂಬುದು ಅದರ ಹೆಸರು. ವಸ್ತುಗಳು ನೀಡುವ ಸಮಾಧಾನ ಎಂಬುದು ಉಪಶೀರ್ಷಿಕೆಯ ಭಾವ. ಬಡವರ ಕೊರಳಿನ ಮಣಿಗಳು ಸುಮಾರು ಒಂದು ಶತಮಾನದ ನಂತರವೂ ನೋಡುವವರಿಗೆ ಏನನ್ನೋ ಹೇಳಬಲ್ಲವಾದರೆ, ಅವುಗಳ ಹಿಂದಿದ್ದ ಬೀದಿಯ ಮಾತನ್ನು ಲವೆಟ್ ಅಷ್ಟಿಷ್ಟಾದರೂ ಬರೆದಿಟ್ಟದ್ದೂ ಅದಕ್ಕೊಂದು ಕಾರಣ. ದಕ್ಷಿಣ ಕನ್ನಡ, ಬಳ್ಳಾರಿಗಳ ಬಗ್ಗೆ ಥರ್ಸ್ಟನ್ ಕೂಡಿಹಾಕಿದ ಸಂಗತಿಗಳಿಗೆ ಅಂಥ ಭಾಗ್ಯವಿಲ್ಲ. ಅವನ ಪಟ್ಟಿಯನ್ನು ಆಕರವೆಂದು ಉಲ್ಲೇಖಿಸುವಾಗ ಅಲ್ಲಿ ಯಾರೂ ಏನನ್ನೂ ಕಟ್ಟುತ್ತಿಲ್ಲ ಎಂಬುದನ್ನು ಗಮನಿಸಬೇಕು. ಕಟ್ಟಿದ ಕೈಗಳನ್ನು ಬಲ್ಲವರು ಗಡಿಯ ಊರುಗಳಲ್ಲಿ ಇನ್ನೂ ಇದ್ದಾರೆ. ಅವರ ಮಾತನ್ನು ಅವರ ಭಾಷೆಯಲ್ಲೇ ಕೇಳಿ ಬರೆದುಕೊಳ್ಳುವ ಕೆಲಸ ಬೆಳ್ಳಿಯನ್ನು ಕೂಡಿಡುವುದಕ್ಕಿಂತ ಮೊದಲು ಆಗಬೇಕಾದದ್ದು.